ಪಡ್ರೆಯ ಹುಡುಗರು ಮತ್ತು ನಮ್ಮ ಠರಾವುಗಳು

ಕಾಸರಗೋಡಿನ ಪ್ರಸ್ತಾಪ ಬಂದಾಗಲೆಲ್ಲ ಹೊರನಾಡ ಕನ್ನಡಿಗರಾದ ನಮ್ಮ ದನಿ ತಾನಾಗಿಯೇ ಏರುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಆ ನಾಡು ಕೇರಳದ ಪಾಲಾದದ್ದು, 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿದ್ದು, ಆ ಶಿಫಾರಸು ಕಡತದ ಹೊಟ್ಟೆಯಲ್ಲಿಯೇ ಕರಗಿಹೋದದ್ದು, ಕಯ್ಯಾರ ಕಿಞ್ಞಣ್ಣ ರೈಯವರು ನೂರು ವರ್ಷ ಬಾಳಿ 2015ರಲ್ಲಿ ಆ ಕನಸು ಕೈಗೂಡುವುದನ್ನು ಕಾಣದೆಯೇ ಕಣ್ಮುಚ್ಚಿದ್ದು, ಇದೆಲ್ಲವೂ ನಮಗೆ ಕಂಠಪಾಠ. ಪುಣೆಯಲ್ಲಿ ಕುಳಿತು ಬೆಳಗಾವಿಯ ಮಾತನ್ನು ತಗ್ಗಿದ ದನಿಯಲ್ಲಿ ಆಡಬೇಕಾದ ನಾವು ಕಾಸರಗೋಡಿನ ಮಾತನ್ನಾದರೂ ಎತ್ತರದ ದನಿಯಲ್ಲಿ ಆಡಿ ಸಮಾಧಾನ ಪಟ್ಟುಕೊಳ್ಳುತ್ತೇವೆ. ನವೆಂಬರು ಬಂದಾಗ ಠರಾವು ಮಂಡಿಸುತ್ತೇವೆ. ಚಪ್ಪಾಳೆಯೊಂದಿಗೆ ಅದು ಸ್ವೀಕೃತವಾಗುತ್ತದೆ. ಅನಂತರ ಊಟಕ್ಕೆ ಏಳುತ್ತೇವೆ. ಇಂಥ ಠರಾವುಗಳ ಕರಡನ್ನು ಬರೆದುಕೊಟ್ಟವರಲ್ಲಿ ನಾನೂ ಒಬ್ಬ. ಆದ್ದರಿಂದ ಮುಂದೆ ಬರೆಯುವುದೆಲ್ಲ ಮೊದಲು ನನಗೆ ನಾನೇ ಹೇಳಿಕೊಳ್ಳುತ್ತಿರುವ ಮಾತೆಂದು ಓದುಗರು ಭಾವಿಸಬೇಕು.

ಕೆಲವು ಕಾಲದ ಹಿಂದೆ ನಮ್ಮ ಬಳಗದ ಹಿರಿಯರೊಬ್ಬರು ತಮ್ಮ ಮಗಳಿಗೆ ಬಂದ ಸಂಬಂಧವೊಂದರ ಬಗೆಗೆ ನನ್ನನ್ನು ವಿಚಾರಿಸಿದರು. ಹುಡುಗ ಚಾಕಣದ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಸಂಘದ ತಾಳಮದ್ದಳೆಗಳಲ್ಲಿ ನಾನು ಕಂಡು ಬಲ್ಲವನು; ಸಭ್ಯ, ಓದುವ ಹವ್ಯಾಸವುಳ್ಳವನು. ಜಾತಕವೂ ಕೂಡಿತ್ತು. "ಎಲ್ಲ ಸರಿ ರಾಯರೇ, ಆದರೆ ಊರು ಎಣ್ಮಕಜೆಯಂತೆ. ಆ ವಿಷ ಸಿಂಪಡಿಸಿದ ಕಡೆಯಲ್ಲವೇ? ನಾಳೆ ಮಕ್ಕಳುಮರಿಯ ಗತಿಯೇನು?" ಎಂದರು. "ಅದಕ್ಕೆ ಆಧಾರವೇನು?" ಎಂದು ನಾನು ಕೇಳಬಹುದಾಗಿತ್ತು. ಕೇಳಲಿಲ್ಲ. "ನಿಮಗೆ ಸರಿದೋರಿದಂತೆ ಮಾಡಿ" ಎಂದೆ. ಸರಕಾರಿ ನೌಕರಿಯಲ್ಲಿ ಮೂರು ದಶಕ ಕಳೆದವನಿಗೆ ಇಂಥ ಉತ್ತರ ನಾಲಗೆಯ ತುದಿಯಲ್ಲಿಯೇ ಇರುತ್ತದೆ. ಸಂಬಂಧ ಮುರಿಯಿತು.

ತಿಂಗಳೊಂದರ ಬಳಿಕ ಆ ಹುಡುಗ ನಮ್ಮ ಮನೆಗೆ ಬಂದ. ದೂರಲು ಬಂದವನಲ್ಲ. "ಸಿಂಪಡಣೆ ನಿಂತಾಗ ನನಗೆ ಐದು ವರ್ಷ ಸರ್. ನನ್ನಲ್ಲಿ ದೋಷವಿದೆಯೋ ಇಲ್ಲವೋ ನನಗೇ ಗೊತ್ತಿಲ್ಲ. ಯಾವ ಪರೀಕ್ಷೆ ಮಾಡಿಸಿ ಯಾವ ಕಾಗದ ತಂದರೆ ಜನ ನಂಬುತ್ತಾರೆ, ಅಷ್ಟು ಹೇಳಿ" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಕಾಸರಗೋಡಿನ ನೆಲದ ಬಗೆಗೆ ಇಷ್ಟೊಂದು ತಿಳಿದಿದ್ದ ನನಗೆ ಆ ನೆಲದ ಗಂಡುಮಕ್ಕಳ ಒಡಲಿಗೆ ಏನಾಯಿತೆಂಬುದು ತಿಳಿದಿರಲಿಲ್ಲ. ಅಂದಿನಿಂದ ಓದಿ ಅರಿತುಕೊಂಡದ್ದನ್ನು, ಅದರಿಂದ ನನಗೆ ಹೊಳೆದದ್ದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಗುಡ್ಡದ ಮೇಲೆ ಗೇರು, ಗುಡ್ಡದ ಬುಡದಲ್ಲಿ ಮನೆ

ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ, ವಾಣೀನಗರ ಮೊದಲಾದ ಊರುಗಳು ಕನ್ನಡ, ತುಳು, ಮಲಯಾಳ, ಮರಾಠಿಗಳು ಒಂದೇ ಅಂಗಳದಲ್ಲಿ ಕೇಳಿಬರುವ ಗಡಿಯೂರುಗಳು. ಗುಡ್ಡಗಳ ತಲೆಯ ಮೇಲೆ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟ. ಇಳಿಜಾರಿನಲ್ಲಿ ಮತ್ತು ಬುಡದಲ್ಲಿ ಅಡಿಕೆ ತೋಟ, ಮನೆ, ಶಾಲೆ. ಗೇರಿನ ಹೂವಿಗೆ ಕಾಡುವ ಚಹಾ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಎಂಡೋಸಲ್ಫಾನ್ ಎಂಬ ಔಷಧವನ್ನು 1970ರ ದಶಕದ ಉತ್ತರಾರ್ಧದಿಂದ 2000ದ ಡಿಸೆಂಬರಿನವರೆಗೆ, ವರುಷಕ್ಕೆ ಎರಡು ಮೂರು ಬಾರಿಯಂತೆ, ಹೆಲಿಕಾಪ್ಟರಿನಿಂದ ಸುರಿಯಲಾಯಿತು. ಸುಮಾರು ಇಪ್ಪತ್ತು ವರ್ಷಗಳಿಗೂ ಮೀರಿದ ಅವಧಿ ಅದು. ಬಾವಿಗಳನ್ನು ಮುಚ್ಚಿಡಿ ಎಂದು ಜನರಿಗೆ ಹೇಳಲಾಗುತ್ತಿತ್ತು. ಆದರೆ ಆ ಸೀಮೆಯಲ್ಲಿ ಕುಡಿಯುವ ನೀರು ಬರುವುದು ಮುರಕಲ್ಲಿನ ಗುಡ್ಡದ ಒಡಲನ್ನು ಅಡ್ಡಕ್ಕೆ ಕೊರೆದ ಸುರಂಗಗಳಿಂದ. ಬಾವಿಯ ಬಾಯಿಗೆ ಹೊದಿಕೆ ಹಾಕಬಹುದು. ಗುಡ್ಡಕ್ಕೆ ಹೊದಿಕೆ ಹಾಕುವುದೆಂತು?

ಮೊದಲು ಮಾತಾಡಿದ್ದು ಹಟ್ಟಿಯ ದನಗಳು. 1979ರ ಸುಮಾರಿಗೆ ಕಾಲು ಸೊಟ್ಟಗಾದ ಕರುಗಳು ಹುಟ್ಟಿದ್ದನ್ನು ಗಮನಿಸಿ, ಈ ಸಿಂಪಡಣೆಯ ಕಡೆಗೆ ಬೊಟ್ಟು ಮಾಡಿ 1981ರಷ್ಟು ಹಿಂದೆಯೇ ಬರೆದವರು ಅದೇ ಊರಿನ ಕನ್ನಡ ಪತ್ರಕರ್ತ, ಮುಂದೆ 'ಅಡಿಕೆ ಪತ್ರಿಕೆ'ಯ ಮೂಲಕ ನಮಗೆಲ್ಲ ಪರಿಚಿತರಾದ ಶ್ರೀಪಡ್ರೆಯವರು. ವಾಣೀನಗರದಲ್ಲಿ ವೃತ್ತಿನಿರತರಾದ ಡಾ. ವೈ. ಎಸ್. ಮೋಹನಕುಮಾರ್ ಅವರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನಿಂದ ಬಂದ ಅಂಗವೈಕಲ್ಯ, ಕ್ಯಾನ್ಸರ್ ಇವು ಒಂದೇ ಕಡೆ ಇಷ್ಟೊಂದು ಕಾಣುವುದೇಕೆ ಎಂದು ವೈದ್ಯಲೋಕವನ್ನು ಕೇಳಿದರು. ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದರು. ಒಬ್ಬ ಪತ್ರಕರ್ತ, ಒಬ್ಬ ಹಳ್ಳಿಯ ವೈದ್ಯ, ಒಬ್ಬ ಸರಕಾರಿ ನೌಕರಳು. ಈ ಮೂವರೂ ಮಾಡಿದ್ದು ತಮ್ಮ ಕಣ್ಣಿಗೆ ಕಂಡದ್ದನ್ನು ಕಂಡಿತೆಂದು ಹೇಳಿದ್ದು ಮಾತ್ರ. ಆ ಎರಡು ದಶಕಗಳಲ್ಲಿ ನಮ್ಮ ಸಂಘಗಳು ಕಾಸರಗೋಡಿನ ಬಗೆಗೆ ಎಷ್ಟು ಠರಾವು ಮಾಡಿದ್ದವೋ! ಅವುಗಳಲ್ಲಿ ನಾನು ಓದಿದ ಮತ್ತು ಬರೆದ ಒಂದರಲ್ಲಿಯೂ ಈ ಹೆಲಿಕಾಪ್ಟರಿನ ಸದ್ದು ಕೇಳಿಸದು.

ನೂರ ಹದಿನೇಳು ಹುಡುಗರು

ಎಂಡೋಸಲ್ಫಾನ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಪತ್ರಿಕೆಗಳಲ್ಲಿ ಕಂಡ, ಹಾಸಿಗೆ ಹಿಡಿದ ಮಕ್ಕಳ ಚಿತ್ರ. ಆ ದುಃಖ ದೊಡ್ಡದು. ಆದರೆ ಚಿತ್ರಕ್ಕೆ ಸಿಕ್ಕದ ಇನ್ನೊಂದು ಸಂಗತಿಯಿದೆ. ಅದೇ ಈ ಲೇಖನದ ವಿಷಯ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಮಧ್ಯಪ್ರವೇಶದ ಬಳಿಕ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಂಗವಾದ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ತಂಡವು 2001ರಲ್ಲಿ ಪಡ್ರೆಗೆ ಬಂದಿತು. ಗೇರುಗುಡ್ಡದ ಬುಡದಲ್ಲಿರುವ ಶಾಲೆಯ 10ರಿಂದ 19 ವರ್ಷದೊಳಗಿನ 117 ಗಂಡುಮಕ್ಕಳನ್ನು, ಸಿಂಪಡಣೆಯ ಸೋಂಕಿಲ್ಲದ ಇನ್ನೊಂದು ಊರಿನ 90 ಗಂಡುಮಕ್ಕಳನ್ನು ಪರೀಕ್ಷಿಸಿತು. ಡಾ. ಹಬೀಬುಲ್ಲಾ ಸಯ್ಯದ್ ಮತ್ತು ಸಂಗಡಿಗರ ಆ ಅಧ್ಯಯನವು 2003ರಲ್ಲಿ ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಸಿಂಪಡಣೆ ನಿಂತು ತಿಂಗಳುಗಳು ಕಳೆದಿದ್ದರೂ ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನಿನ ಅಂಶ ಸರಾಸರಿ ನೂರು ಕೋಟಿಯಲ್ಲಿ 7.47 ಭಾಗದಷ್ಟಿತ್ತು, ಇನ್ನೊಂದು ಊರಿನವರಲ್ಲಿ 1.37. ಗಂಡುಮಕ್ಕಳು ಪ್ರಾಯಕ್ಕೆ ಬರುವಾಗ ದೇಹದಲ್ಲಿ ಆಗುವ ಬದಲಾವಣೆಗಳನ್ನು ಅಳೆಯಲು ವೈದ್ಯರಲ್ಲಿ ಒಂದು ಮೆಟ್ಟಿಲಿನ ಲೆಕ್ಕವಿದೆ. ಅದೇ ವಯಸ್ಸಿನ ಅನ್ಯ ಊರಿನ ಹುಡುಗರಿಗೆ ಹೋಲಿಸಿದರೆ ಪಡ್ರೆಯ ಹುಡುಗರು ಆ ಮೆಟ್ಟಿಲುಗಳಲ್ಲಿ ಹಿಂದುಳಿದಿದ್ದರು. ಅವರ ರಕ್ತದಲ್ಲಿ ವಯಸ್ಸಿಗೆ ತಕ್ಕಷ್ಟು ಟೆಸ್ಟೋಸ್ಟಿರಾನ್ ಇರಲಿಲ್ಲ. ಆದರೆ ಅದನ್ನು ತಯಾರಿಸೆಂದು ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿಯು ವೃಷಣಕ್ಕೆ ಕಳಿಸುವ ಎಲ್‌ಎಚ್ ಎಂಬ ಹಾರ್ಮೋನು ಹೆಚ್ಚಾಗಿತ್ತು. ಇದರ ಅರ್ಥವನ್ನು ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಮೇಲಿನಿಂದ ಆಜ್ಞೆಯ ಮೇಲೆ ಆಜ್ಞೆ ಬರುತ್ತಿದೆ, ಕೆಳಗೆ ಕೆಲಸ ಸಾಗುತ್ತಿಲ್ಲ. ಅಡ್ಡಿ ಇರುವುದು ಆಜ್ಞೆಯಲ್ಲಲ್ಲ, ಕೆಲಸದ ಮನೆಯಲ್ಲಿ ಎಂದು ಶಂಕಿಸಲು ಇದು ಕಾರಣವಾಗುತ್ತದೆ.

ಇನ್ನೊಂದು ಅಂಕಿಯ ಬಳಿ ನಾನು ಬಹಳ ಹೊತ್ತು ನಿಂತೆ. ವೃಷಣವು ಹೊಟ್ಟೆಯೊಳಗಿಂದ ಚೀಲಕ್ಕೆ ಇಳಿಯದಿರುವುದು, ಹುಟ್ಟಿನಿಂದಲೇ ನೀರು ತುಂಬಿಕೊಳ್ಳುವುದು, ತೊಡೆಸಂದಿನ ಹರ್ನಿಯಾ, ಈ ಬಗೆಯ ದೋಷಗಳು ಪಡ್ರೆಯ ಹುಡುಗರಲ್ಲಿ ಶೇಕಡ 5.1, ಇನ್ನೊಂದು ಊರಿನವರಲ್ಲಿ ಶೇಕಡ 1.1. ಎಂದರೆ 117ರಲ್ಲಿ ಆರು, 90ರಲ್ಲಿ ಒಂದು. ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಈ ವ್ಯತ್ಯಾಸವನ್ನು ಗಣನೀಯವೆನ್ನಲಾಗದೆಂದು ಸಂಶೋಧಕರು ತಾವೇ ಬರೆದಿದ್ದಾರೆ. ಪರೀಕ್ಷಿಸಿದವರ ಸಂಖ್ಯೆ ಸಣ್ಣದು, ಅನೇಕರು ಪರೀಕ್ಷೆಗೆ ಒಪ್ಪಲಿಲ್ಲ ಎಂಬುದನ್ನೂ ಮರೆಮಾಚಿಲ್ಲ. ಎಂಡೋಸಲ್ಫಾನ್ ಗಂಡುಮಕ್ಕಳ ಪ್ರಾಯವನ್ನು ತಡವಾಗಿಸಬಹುದು, ಹಾರ್ಮೋನಿನ ಉತ್ಪತ್ತಿಗೆ ಅಡ್ಡಿಯಾಗಬಹುದು ಎಂಬುದಷ್ಟೇ ಅವರ ತೀರ್ಮಾನ. ವಿಜ್ಞಾನಿಯ ಭಾಷೆ ಇರಬೇಕಾದದ್ದೇ ಹೀಗೆ.

ನನ್ನ ತಕರಾರು ಆ ಭಾಷೆ ಕಚೇರಿಗೆ ಬಂದಾಗ ಏನಾಗುತ್ತದೆ ಎಂಬುದರ ಬಗೆಗೆ. "ಗಣನೀಯವಲ್ಲ" ಎಂಬ ಮಾತು ಕಡತದಲ್ಲಿ ಎರಡು ಮೇಜು ದಾಟುವಷ್ಟರಲ್ಲಿ "ವ್ಯತ್ಯಾಸವಿಲ್ಲ" ಎಂದಾಗುತ್ತದೆ. ಇನ್ನೊಂದು ಮೇಜು ದಾಟಿದರೆ "ಅಪಾಯವಿಲ್ಲ" ಎಂದಾಗುತ್ತದೆ. ನಾನೂ ಟಿಪ್ಪಣಿ ಬರೆದು ಬದುಕಿದವನು. ಯಾವ ಪದ ಎಲ್ಲಿ ಬದಲಾಗುತ್ತದೆಂದು ಬಲ್ಲೆ. ಎಂಡೋಸಲ್ಫಾನಿನ ವಿಚಾರಣೆಗೆ ಒಂದಾದ ಮೇಲೊಂದು ಸಮಿತಿ ಕುಳಿತವು. ಅಹಮದಾಬಾದಿನ ತಂಡ ಸಂಬಂಧವನ್ನು ಕಂಡಿತು, ಓ. ಪಿ. ದುಬೆ ಮತ್ತು ಸಿ. ಡಿ. ಮಾಯೀ ಅವರ ಸಮಿತಿಗಳು ಸಂಬಂಧ ಸ್ಥಾಪಿತವಾಗಿಲ್ಲವೆಂದವು. ಕಾಸರಗೋಡಿನ ಪ್ರತಿಯೊಂದು ಕಾಯಿಲೆಯನ್ನೂ ಈ ಒಂದು ಔಷಧದ ತಲೆಗೆ ಕಟ್ಟುವುದು ನ್ಯಾಯವಲ್ಲವೆಂದು ಹೇಳುವ ವಿಜ್ಞಾನಿಗಳಿದ್ದಾರೆ; ಆ ಮಾತಿನಲ್ಲಿ ಹುರುಳಿದೆ. ಆದರೆ ಆರು ಹುಡುಗರು ಒಬ್ಬನ ಎದುರಿಗೆ ನಿಂತಾಗ, ಇನ್ನೂ ಸಾವಿರ ಹುಡುಗರನ್ನು ನೋಡೋಣವೆನ್ನುವುದು ವಿಜ್ಞಾನ. ನೋಡಿದ್ದು ಸಾಕೆನ್ನುವುದು ಆಡಳಿತದ ಸೌಕರ್ಯ.

ಸೌಕರ್ಯಕ್ಕೆ ಕಾರಣವೂ ಇತ್ತು. ಎಂಡೋಸಲ್ಫಾನಿನ ಉತ್ಪಾದನೆಯಲ್ಲಿ ಭಾರತ ಜಗತ್ತಿನಲ್ಲಿಯೇ ಮುಂದಿತ್ತು. ತಯಾರಕರಲ್ಲಿ ಕೇಂದ್ರ ಸರಕಾರದ ಒಡೆತನದ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್ ಕೂಡ ಒಂದಾಗಿತ್ತು. ಸ್ಟಾಕ್‌ಹೋಂ ಒಡಂಬಡಿಕೆಯ ಸಭೆಗಳಲ್ಲಿ ಭಾರತವು ನಿಷೇಧವನ್ನು ವಿರೋಧಿಸುತ್ತಲೇ ಬಂದು, 2011ರ ಏಪ್ರಿಲ್‌ನಲ್ಲಿ ಕೆಲವು ವಿನಾಯಿತಿಗಳೊಂದಿಗೆ ಒಪ್ಪಿತು. ಅದೇ ವರ್ಷದ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ತನ್ನ ಮಟ್ಟಿಗೆ ನಿಷೇಧ ವಿಧಿಸಿತ್ತು. ನಮ್ಮ ಬೆಳ್ತಂಗಡಿ ಸೀಮೆಯ ಕೊಕ್ಕಡ, ನಿಡ್ಲೆ, ಪಟ್ರಮೆಗಳಲ್ಲಿಯೂ ಗೇರು ನಿಗಮದ ತೋಟಗಳ ಮೇಲೆ ಇದೇ ಮಳೆ ಸುರಿದಿತ್ತು ಎಂಬುದನ್ನು ಕೇರಳದತ್ತ ಬೆರಳು ತೋರಿಸುವಾಗ ನಾವು ಮರೆಯಬಾರದು. ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಇಡೀ ದೇಶದಲ್ಲಿ ಅದನ್ನು ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಬೇಕೆಂದು ಅದೇ ನ್ಯಾಯಾಲಯ 2017ರ ಜನವರಿಯಲ್ಲಿ ಆಜ್ಞಾಪಿಸಿತು. 2022ರಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿ ವಿಚಾರಣೆಗೆ ಬಂದಾಗ ಸಾವಿರಾರು ಮಂದಿಗೆ ಹಣ ಇನ್ನೂ ತಲುಪಿರಲಿಲ್ಲ.

ತಂದೆಯನ್ನು ಮರೆತ ಪರೀಕ್ಷೆ

ಇದು ಒಂದು ಊರಿನ ಕಥೆಯಾಗಿದ್ದರೆ ಇಲ್ಲಿಗೇ ನಿಲ್ಲಿಸಬಹುದಾಗಿತ್ತು. ಓದುತ್ತ ಹೋದಂತೆ ನನಗೆ ಮನವರಿಕೆಯಾದದ್ದೇನೆಂದರೆ, ಔಷಧ ಮತ್ತು ರಾಸಾಯನಿಕಗಳನ್ನು ಪರೀಕ್ಷಿಸುವ ಪದ್ಧತಿಯಲ್ಲಿಯೇ ತಂದೆಯ ಪಾಲಿಗೆ ಸ್ಥಳ ಕಡಿಮೆ. 1961ರಲ್ಲಿ ಥಾಲಿಡೊಮೈಡ್ ದುರಂತ ಬಯಲಾದಂದಿನಿಂದ ಬಸುರಿ ತಿನ್ನುವ ಔಷಧದ ಬಗೆಗೆ ಜಗತ್ತು ಎಚ್ಚರಗೊಂಡಿತು, ಅದು ಆಗಬೇಕಾದದ್ದೇ. ಆದರೆ ಮಗು ತಾಯಿಯೊಬ್ಬಳ ಒಡಲಿನದು ಮಾತ್ರವಲ್ಲ. ಹೆಣ್ಣಿನ ಅಂಡಗಳೆಲ್ಲ ಅವಳು ಹುಟ್ಟುವ ಮೊದಲೇ ರೂಪುಗೊಂಡಿರುತ್ತವೆ. ಗಂಡಿನ ವೀರ್ಯಾಣುಗಳಾದರೋ ಪ್ರಾಯದಿಂದ ಮುಪ್ಪಿನವರೆಗೆ ದಿನವೂ ಹೊಸದಾಗಿ ತಯಾರಾಗುತ್ತಲೇ ಇರುತ್ತವೆ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ, ಪಕ್ವವಾಗಿ ಹೊರಬರಲು ಇನ್ನೆರಡು ವಾರ. ಒಟ್ಟು ಮೂರು ತಿಂಗಳ ಕೆಲಸ. ನಿರಂತರ ನಡೆಯುವ ಕಾರ್ಖಾನೆಗೆ ನಿರಂತರ ಅಪಾಯ. ಅದರ ಇನ್ನೊಂದು ಮುಖವೂ ಇದೆ: ಕಾರಣ ನಿಂತರೆ, ಯಂತ್ರ ಕೆಡದಿದ್ದರೆ, ಮೂರು ತಿಂಗಳಲ್ಲಿ ಹೊಸ ಸರಕು ಬರುತ್ತದೆ.

ಕರುಳಿನ ಹುಣ್ಣಿಗೂ ಸಂಧಿವಾತಕ್ಕೂ ಕೊಡುವ ಸಲ್ಫಾಸಲಝೀನ್ ಎಂಬ ಔಷಧ ವೀರ್ಯಾಣುವಿನ ಸಂಖ್ಯೆಯನ್ನು ತಗ್ಗಿಸುತ್ತದೆ. ನಿಲ್ಲಿಸಿದರೆ ಎರಡು ಮೂರು ತಿಂಗಳಲ್ಲಿ ಸರಿಯಾಗುತ್ತದೆ. ಕ್ಯಾನ್ಸರಿಗೆ ಕೊಡುವ ಕೆಲವು ಔಷಧಗಳ ಹಾನಿ ಶಾಶ್ವತವಾಗಬಹುದು. ಚೀನಾದಲ್ಲಿ ಶುದ್ಧೀಕರಿಸದ ಹತ್ತಿಬೀಜದ ಎಣ್ಣೆಯಲ್ಲಿ ಅಡುಗೆ ಮಾಡುತ್ತಿದ್ದ ಹಳ್ಳಿಗಳಲ್ಲಿ ಮಕ್ಕಳಾಗದಿರುವುದನ್ನು ಕಂಡು, ಅದರಲ್ಲಿಯ ಗಾಸಿಪಾಲ್ ಎಂಬ ವಸ್ತುವನ್ನೇ 1970ರ ದಶಕದಲ್ಲಿ ಗಂಡಸರ ಗರ್ಭನಿರೋಧಕವಾಗಿ ಸಾವಿರಾರು ಜನರ ಮೇಲೆ ಪ್ರಯೋಗಿಸಿದರು. ನಿಲ್ಲಿಸಿದ ಮೇಲೂ ಕೆಲವರಲ್ಲಿ ಶಕ್ತಿ ಮರಳದಾಗ ಕೈಬಿಟ್ಟರು. ಅಪಸ್ಮಾರಕ್ಕೆ ದಶಕಗಳಿಂದ ಕೊಡುತ್ತಿರುವ ವ್ಯಾಲ್‌ಪ್ರೊಯೇಟ್ ಬಸುರಿಯರಿಗೆ ಕೂಡದೆಂಬುದು ಹಳೆಯ ಮಾತು. ಗರ್ಭಧಾರಣೆಗೆ ಮುಂಚಿನ ಮೂರು ತಿಂಗಳಲ್ಲಿ ತಂದೆ ಅದನ್ನು ಸೇವಿಸಿದ್ದರೆ ಮಗುವಿನ ಮಾನಸಿಕ ಬೆಳವಣಿಗೆಗೆ ತೊಡಕಾಗುವ ಸಂಭವವಿದೆಯೆಂದು ಯುರೋಪಿನ ಔಷಧ ಪ್ರಾಧಿಕಾರ ಎಚ್ಚರಿಸಿದ್ದು 2024ರಲ್ಲಿ ಮಾತ್ರ. ವಿಯೆಟ್ನಾಮ್ ಯುದ್ಧದಲ್ಲಿ ವಿಷದ ಮಳೆಗೆ ಸಿಕ್ಕಿದ ಸೈನಿಕರ ಮಕ್ಕಳಲ್ಲಿ ಬೆನ್ನುಹುರಿಯ ಜನ್ಮದೋಷವಿದ್ದರೆ ಅಮೆರಿಕ ತನ್ನ 1996ರ ಕಾನೂನಿನನ್ವಯ ನೆರವು ನೀಡುತ್ತದೆ. ತಂದೆಯ ಮೂಲಕವೂ ಹಾನಿ ದಾಟಬಹುದೆಂದು ಕಾನೂನು ಒಪ್ಪಿದ ಅಪರೂಪದ ನಿದರ್ಶನ ಇದು. ನಮ್ಮಲ್ಲಿಯೇ, ಆಂಧ್ರದ ಹತ್ತಿಯ ಹೊಲಗಳಲ್ಲಿ ಕೀಟನಾಶಕ ಸಿಂಪಡಿಸುವ ಗಂಡಸರ ಸುಮಾರು ಸಾವಿರ ಸಂಸಾರಗಳನ್ನು ಅಷ್ಟೇ ಸಂಖ್ಯೆಯ ಇತರ ಸಂಸಾರಗಳೊಂದಿಗೆ ಹೋಲಿಸಿ, ಗರ್ಭಪಾತ ಮತ್ತು ಸತ್ತು ಹುಟ್ಟುವ ಮಕ್ಕಳು ಅಲ್ಲಿ ಹೆಚ್ಚೆಂದು ಉಸ್ಮಾನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 1991ರಲ್ಲಿ ಪ್ರಕಟಿಸಿದ್ದರು.

ಹೊಸ ಔಷಧಕ್ಕೆ ಅನುಮತಿ ಕೊಡುವ ಮುನ್ನ ನಮ್ಮ ದೇಶದ ನಿಯಮ ಏನನ್ನು ಕೇಳುತ್ತದೆ? ಮೊದಲು 'ಶೆಡ್ಯೂಲ್ ವೈ' ಎಂದಿದ್ದು, 2019ರ ಹೊಸ ನಿಯಮಾವಳಿಯ ಎರಡನೆಯ ಅನುಸೂಚಿಯಾಗಿ ಮುಂದುವರಿದ ಪಾಠದಲ್ಲಿ ಗಂಡಿನ ಫಲವತ್ತತೆಯ ಪರೀಕ್ಷೆ ಇದೆ. ಒಂದೊಂದು ಗುಂಪಿಗೆ ಆರು ಗಂಡು ಇಲಿ. ಕನಿಷ್ಠ 28 ದಿನ, ಗರಿಷ್ಠ 70 ದಿನ ಔಷಧ. ಬಳಿಕ ಹೆಣ್ಣಿಲಿಗಳೊಂದಿಗೆ ಕೂಡಿಸಿ, ಗರ್ಭದ 13ನೆಯ ದಿನದ ನಂತರ ಅವುಗಳನ್ನು ಪರೀಕ್ಷಿಸುವುದು. ಇಲಿಯ ವೀರ್ಯಾಣು ರೂಪುಗೊಳ್ಳಲು ಐವತ್ತಕ್ಕೂ ಹೆಚ್ಚು ದಿನ ಬೇಕು. 28 ದಿನದ ಪರೀಕ್ಷೆ ಎಂದರೆ ಅರ್ಧ ದಾರಿಯ ಪರೀಕ್ಷೆ. ಇನ್ನು, ಆ ತಂದೆಗೆ ಹುಟ್ಟುವ ಮರಿಗಳು ಬೆಳೆದು ಓಡಾಡಿ ತಾವೂ ಮರಿ ಹಾಕುತ್ತವೆಯೇ ಎಂಬ ಪ್ರಶ್ನೆಗೆ ಈ ಪರೀಕ್ಷೆಯಲ್ಲಿ ಸ್ಥಳವಿಲ್ಲ. ಅದು ಹುಟ್ಟಿಗೆ ಮೊದಲೇ ಮುಗಿಯುತ್ತದೆ. ತಾಯಿಗೆ ಔಷಧ ಕೊಟ್ಟಾಗ ಮರಿಗಳನ್ನು ನೋಡುತ್ತಾರೆ. ತಂದೆಗೆ ಕೊಟ್ಟಾಗ ತಂದೆಯ ವೃಷಣವನ್ನು ತೂಗಿ ಮುಗಿಸುತ್ತಾರೆ.

ಪರೀಕ್ಷೆ ನಡೆದು ಇಲಿ ಸತ್ಯ ಹೇಳಿದಾಗಲಾದರೂ ನಾವು ಕೇಳುತ್ತೇವೆಯೇ? ಡಿಬಿಸಿಪಿ ಎಂಬ ಮಣ್ಣಿನ ಹುಳುನಾಶಕವು ಇಲಿಗಳ ವೃಷಣವನ್ನು ಕುಗ್ಗಿಸುತ್ತದೆಂದು 1961ರಲ್ಲಿಯೇ ಪ್ರಕಟವಾಗಿತ್ತು. ಕ್ಯಾಲಿಫೋರ್ನಿಯದ ಲೇತ್ರಾಪಿನ ಕಾರ್ಖಾನೆಯಲ್ಲಿ ಅದನ್ನು ತಯಾರಿಸುತ್ತಿದ್ದ ಕೆಲಸಗಾರರು ನಮ್ಮಲ್ಲಿ ಯಾರಿಗೂ ಮಕ್ಕಳಾಗುತ್ತಿಲ್ಲವಲ್ಲ ಎಂದು ತಮ್ಮತಮ್ಮಲ್ಲಿ ಮಾತಾಡಿಕೊಂಡು ಪರೀಕ್ಷೆಗೆ ಪಟ್ಟು ಹಿಡಿದದ್ದು 1977ರಲ್ಲಿ. ನಡುವೆ ಹದಿನಾರು ವರ್ಷ. ಎಂಡೋಸಲ್ಫಾನ್ ಇಲಿಯ ವೃಷಣಕ್ಕೆ, ಅದರಲ್ಲಿಯೂ ಬೆಳೆಯುವ ಮರಿಯ ವೃಷಣಕ್ಕೆ, ಹಾನಿ ಮಾಡುತ್ತದೆಂದು ನಮ್ಮದೇ ಲಖನೌದ ಕೈಗಾರಿಕಾ ವಿಷವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1990ರ ದಶಕದಲ್ಲಿ ಬರೆದಿದ್ದರು. ಲಖನೌದ ಪ್ರಯೋಗಶಾಲೆಗೂ ಪಡ್ರೆಯ ಶಾಲೆಗೂ ನಡುವೆ ಇದ್ದದ್ದು ಒಂದೇ ಸರಕಾರ. ಆದರೂ ಹೆಲಿಕಾಪ್ಟರು ಹಾರುತ್ತಲೇ ಇತ್ತು.

ನಮ್ಮ ಮನೆಯಂಗಳಕ್ಕೆ ಬಂದರೆ

ಇದೆಲ್ಲ ದೂರದ ಮಾತೆಂದು ಪುಣೆಯ ನಾವು ತಿಳಿಯುವಂತಿಲ್ಲ. ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದು ಈ ನಗರದ ಕಟ್ಟಡಗಳನ್ನು ಕಟ್ಟುತ್ತಿರುವ, ಗೋಡೆ ಕೆರೆದು ಬಣ್ಣ ಬಳಿಯುತ್ತಿರುವ ಕನ್ನಡಿಗರು ನಮ್ಮ ಸಂಘದ ಸದಸ್ಯರಲ್ಲದಿರಬಹುದು, ನಮ್ಮವರು ಹೌದು. ಬಣ್ಣದಲ್ಲಿ ಸೀಸದ ಅಂಶಕ್ಕೆ ದಶಲಕ್ಷದಲ್ಲಿ 90 ಭಾಗದ ಮಿತಿ ಬಂದದ್ದು 2016ರ ನಿಯಮದಿಂದ. ಹಳೆಯ ಗೋಡೆಗಳ ಧೂಳಿನಲ್ಲಿ ಹಳೆಯ ಸೀಸ ಇದ್ದೇ ಇದೆ. ಸೀಸವು ಗಂಡಿನ ವೀರ್ಯಕ್ಕೆ ಶತ್ರುವೆಂಬುದು ನಿರ್ವಿವಾದ. ನಾರಾಯಣಗಾವಿನ ದ್ರಾಕ್ಷಿತೋಟಗಳಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧ ಹೊಡೆಯುವವರ ಮುಖಕ್ಕೆ ಒಂದು ವಸ್ತ್ರವೂ ಇರದಿರುವುದನ್ನು ನಾಶಿಕದ ಹಾದಿಯಲ್ಲಿ ಹೋಗುವ ಯಾರಾದರೂ ಕಂಡಿರಬಹುದು. ಸುಶಿಕ್ಷಿತರ ಮನೆಯ ಹುಡುಗರು ವ್ಯಾಯಾಮಶಾಲೆಗಳಲ್ಲಿ ಮೈಕಟ್ಟಿನ ಆಸೆಗೆ ಟೆಸ್ಟೋಸ್ಟಿರಾನ್ ಚುಚ್ಚಿಸಿಕೊಳ್ಳುತ್ತಾರೆ. ಹೊರಗಿನಿಂದ ಅದು ಬಂದೊಡನೆ ಪಿಟ್ಯೂಟರಿ ತನ್ನ ಆಜ್ಞೆಯನ್ನು ನಿಲ್ಲಿಸುತ್ತದೆ. ಪೌರುಷಕ್ಕೆಂದು ಚುಚ್ಚಿಸಿಕೊಂಡ ಮದ್ದು ವೀರ್ಯಾಣುವಿನ ಉತ್ಪತ್ತಿಯನ್ನೇ ನಿಲ್ಲಿಸಬಲ್ಲುದು. ಇಷ್ಟಾಗಿಯೂ ಮದುವೆಯಾಗಿ ಎರಡು ವರ್ಷ ಮಕ್ಕಳಾಗದಿದ್ದರೆ ನಮ್ಮ ಮನೆಗಳಲ್ಲಿ ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತುವವಳು ಸೊಸೆ. ಗಂಡನ ಪರೀಕ್ಷೆ ಅಗ್ಗದ್ದು, ನೋವಿಲ್ಲದ್ದು, ಒಂದೇ ದಿನದ್ದು. ಆದರೂ ಅದು ಕೊನೆಗೆ.

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ವೀರ್ಯಪರೀಕ್ಷೆ ಮತ್ತು ಹಾರ್ಮೋನಿನ ರಕ್ತಪರೀಕ್ಷೆ ಅವನ ಇಂದಿನ ಸ್ಥಿತಿಯನ್ನು ಬಹುಮಟ್ಟಿಗೆ ಹೇಳಬಲ್ಲವು. ಹುಟ್ಟುವ ಮಗುವಿನ ಬಗೆಗೆ ಪ್ರಮಾಣಪತ್ರ ಕೊಡುವ ವಿದ್ಯೆ ಯಾರಲ್ಲಿಯೂ ಇಲ್ಲ. ಎಣ್ಮಕಜೆಯವನಿಗೂ ಇಲ್ಲ, ಸದಾಶಿವಪೇಠೆಯವನಿಗೂ ಇಲ್ಲ. ಊರಿನ ಹೆಸರು ಕೇಳಿ ಹಿಂದೆಗೆದ ನನ್ನ ಮಿತ್ರರು, ಮುಂದಿನ ವರ ವ್ಯಾಯಾಮಶಾಲೆಗೆ ಹೋಗುತ್ತಾನೆಯೆ, ರಾಸಾಯನಿಕ ಕಾರ್ಖಾನೆಯಲ್ಲಿ ದುಡಿಯುತ್ತಾನೆಯೆ ಎಂದು ಕೇಳಿದಂತಿಲ್ಲ. ಭಯಕ್ಕೆ ಅವರು ಆರಿಸಿಕೊಂಡದ್ದು ಪತ್ರಿಕೆಯಲ್ಲಿ ಚಿತ್ರ ಬಂದ ಊರನ್ನು. ವಿಷ ಸುರಿದದ್ದು ಸರಕಾರದ ತೋಟದವರು. ಕಳಂಕ ಹೊತ್ತದ್ದು ಕೆಳಗೆ ವಾಸವಿದ್ದವರು. ಆ ಕಳಂಕದ ಭಯದಿಂದಲೇ ಅಲ್ಲಿಯ ಎಷ್ಟೋ ತಾಯ್ತಂದೆಯರು ತಮ್ಮ ಗಂಡುಮಕ್ಕಳನ್ನು ಪರೀಕ್ಷೆಗೆ ಒಡ್ಡಲು ಅಂಜಿರಬಹುದು ಎಂದು ನನಗೆ ಅನಿಸುತ್ತದೆ. ಪರೀಕ್ಷೆಗೆ ಜನ ಬಾರದಿದ್ದರೆ ಸಂಖ್ಯೆ ಸಣ್ಣದಾಗುತ್ತದೆ. ಸಂಖ್ಯೆ ಸಣ್ಣದಾದರೆ "ಗಣನೀಯವಲ್ಲ" ಎನ್ನಲು ದಾರಿಯಾಗುತ್ತದೆ. ಹಾಗೆ ನೋಡಿದರೆ ನನ್ನ ಮಿತ್ರರ ಆ ಪ್ರಶ್ನೆಗೂ ನನ್ನ ಮೌನಕ್ಕೂ ಆ ವರದಿಯ ಆರು-ಒಂದರ ಲೆಕ್ಕದಲ್ಲಿ ಪಾಲಿದೆ.

2020ರ ಮಾರ್ಚಿನಲ್ಲಿ ತಲಪಾಡಿಯ ಗಡಿಯನ್ನು ಮುಚ್ಚಿ ಕಾಸರಗೋಡಿನ ರೋಗಿಗಳನ್ನು ಮಂಗಳೂರಿನ ಆಸ್ಪತ್ರೆಗಳಿಂದ ತಡೆದಾಗ, ಆ ನೆಲ ನಮ್ಮದೆನ್ನುವ ಕರ್ನಾಟಕವೇ ಮಣ್ಣಿನ ರಾಶಿ ಹಾಕಿತ್ತು. ನೆಲ ನಮಗೆ ಬೇಕು, ಅದರ ಮೇಲಿನ ದೇಹಗಳು ಬೇಡವೆಂಬಂತೆ ನಡೆದುಕೊಂಡರೆ ನಮ್ಮ ಹಕ್ಕೊತ್ತಾಯಕ್ಕೆ ಯಾವ ನೈತಿಕ ಬಲ ಉಳಿದೀತು?

ಆದ್ದರಿಂದ ನನ್ನ ಸೂಚನೆಗಳು ಮೂರು. ಮೊದಲನೆಯದು, 2001ರಲ್ಲಿ ಪರೀಕ್ಷೆಗೊಳಗಾದ ಹುಡುಗರು ಇಂದು ಮೂವತ್ತು ದಾಟಿ ನಲವತ್ತರ ಆಸುಪಾಸಿನಲ್ಲಿರುವ ಗಂಡಸರು, ಅನೇಕರು ತಂದೆಯರು. ಅವರ ಮತ್ತು ಅವರ ಮಕ್ಕಳ ಆರೋಗ್ಯವನ್ನು, ಅವರ ಒಪ್ಪಿಗೆ ಪಡೆದು, ಹೆಸರು ಗೋಪ್ಯವಾಗಿಟ್ಟು, ಅವರಿಗೆ ತಿಳಿಯುವ ಕನ್ನಡ-ತುಳು-ಮಲಯಾಳಗಳಲ್ಲಿ ವಿವರಿಸಿ, ನಿಯತವಾಗಿ ದಾಖಲಿಸಬೇಕು. 2013ರಲ್ಲಿ ಉಕ್ಕಿನಡ್ಕದಲ್ಲಿ ಶಂಕುಸ್ಥಾಪನೆಯಾದ ಸರಕಾರಿ ವೈದ್ಯಕೀಯ ಕಾಲೇಜು ಇದಕ್ಕೆ ತಕ್ಕ ಸ್ಥಳ. ಆ ಊರುಗಳು ಅದರ ಕೂಗಳತೆಯಲ್ಲಿವೆ. ಎರಡನೆಯದು, ಔಷಧವಾಗಲಿ ಕೀಟನಾಶಕವಾಗಲಿ, ಗಂಡಿನ ಮೇಲಿನ ಪರೀಕ್ಷೆ ವೀರ್ಯಾಣುವಿನ ಪೂರ್ಣ ಅವಧಿಯನ್ನು ಒಳಗೊಂಡು, ಹುಟ್ಟಿದ ಮರಿ ಬೆಳೆಯುವವರೆಗೆ ಸಾಗಬೇಕು. ಮೂರನೆಯದು ನಮ್ಮ ಕೈಯಲ್ಲಿಯೇ ಇರುವುದು. ಸಂಘದ ವೈದ್ಯ ಸದಸ್ಯರು ವರ್ಷಕ್ಕೊಮ್ಮೆ ನಡೆಸುವ ಮಧುಮೇಹದ ಶಿಬಿರದ ಜೊತೆಗೆ, ಬಣ್ಣದ ಕೆಲಸದವರಿಗೂ ಸಿಂಪಡಣೆಯವರಿಗೂ ಮದುವೆಗೆ ನಿಂತ ತರುಣರಿಗೂ ಈ ವಿಷಯವನ್ನು ಸಂಕೋಚವಿಲ್ಲದೆ ತಿಳಿಸುವ ಒಂದು ದಿನವನ್ನು ಗೊತ್ತುಮಾಡಬೇಕು.

ಬರುವ ನವೆಂಬರಿನ ಠರಾವಿನ ಕರಡನ್ನು ಬರೆಯುವ ಕೆಲಸ ಈ ಬಾರಿಯೂ ನನ್ನ ಪಾಲಿಗೆ ಬಂದಿದೆ. ಚಂದ್ರಗಿರಿಯ ಉತ್ತರದ ನೆಲದ ಸಾಲನ್ನು ಬಿಟ್ಟಿಲ್ಲ. ಅದರ ಕೆಳಗೆ ಪಡ್ರೆಯ ಹುಡುಗರ ಸಾಲೊಂದನ್ನು ಸೇರಿಸಿದ್ದೇನೆ. ಕರಡನ್ನು ಕಾರ್ಯದರ್ಶಿಗಳಿಗೆ ಒಪ್ಪಿಸುವ ಮುನ್ನ ಚಾಕಣದ ಆ ಹುಡುಗನಿಗೆ ತೋರಿಸಿದೆ. ಓದಿ, "ಸಭೆಯಲ್ಲಿ ಇದನ್ನು ನಾನೇ ಮಂಡಿಸಬಹುದೇ ಸರ್?" ಎಂದು ಕೇಳಿದ. ಒಪ್ಪಿದ್ದೇನೆ. ಅಂದು ಸದಸ್ಯರು ದಯವಿಟ್ಟು ಊಟಕ್ಕೆ ಸ್ವಲ್ಪ ತಡವಾಗಿ ಏಳಬೇಕೆಂದು ವಿನಂತಿ.